ಪಕ್ಷದ ಬುಧವಾರ, ಎರಡೂವರೆಯಿಂದ ಐದರವರೆಗೆ

ನಮ್ಮ ಕಾಲೇಜಿನ ಚರ್ಚಾ ಸಂಘದ ಸಮಿತಿಗೆ ಸೇರಿದ್ದಕ್ಕೆ ನಾನು ತೆತ್ತದ್ದು ಇಷ್ಟು: ಹಾಸನದ ತರಕಾರಿ ಮಂಡಿಯಲ್ಲಿದ್ದ ಬೆಳಗಿನ ಕೆಲಸ, ಒಂದು ಜೊತೆ ಹವಾಯಿ ಚಪ್ಪಲಿ, ಮತ್ತು ಒಂದು ವರ್ಷದ ಪಿತೃಪಕ್ಷದ ಊಟ. ಕೊನೆಯದ್ದೇ ದುಬಾರಿ. ಅದಕ್ಕಾಗಿ ಅವ್ವ ಸಂಕ್ರಾಂತಿಯವರೆಗೂ ನನ್ನನ್ನು ಮಾತಿನಲ್ಲಿ ಚುಚ್ಚುತ್ತಲೇ ಇದ್ದಳು. ಇಷ್ಟೆಲ್ಲ ಯಾಕೆ ತೆತ್ತೆ ಎಂದರೆ, ನನಗೆ ಹಾಜರಾತಿ ಬೇಕಿತ್ತು. ಚರ್ಚೆಯ ಮೇಲೆ ಪ್ರೀತಿ ಇತ್ತು ಎಂದು ಹೇಳಿ ದೊಡ್ಡವನಾಗುವ ಆಸೆ ನನಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಬಿ.ಕಾಂ. ಎರಡನೆಯ ವರ್ಷ. ಮಂಡಿಯಲ್ಲಿ ಆಲೂಗಡ್ಡೆ ಹರಾಜು ಮುಗಿಯುವಾಗ ಹತ್ತೂವರೆ. ಕಾಲೇಜಿನಲ್ಲಿ ಅಷ್ಟರೊಳಗೆ ಎರಡು ಪಾಠ ಮುಗಿದಿರುತ್ತಿದ್ದವು. ಆಗಸ್ಟಿನಲ್ಲೇ ಕಚೇರಿಯ ಗುಮಾಸ್ತರು ನನ್ನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೀಟು ಎಳೆದು, ಹೀಗೇ ಹೋದರೆ ಹಾಲ್ ಟಿಕೆಟ್ ಬರುವುದಿಲ್ಲ ಎಂದರು. ಹಾಲ್ ಟಿಕೆಟ್ ಇಲ್ಲದಿದ್ದರೆ ಒಂದು ವರ್ಷ ಹೋಯಿತು. ನಮ್ಮ ಮನೆಯಲ್ಲಿ ಒಂದು ವರ್ಷ ಹೋಯಿತೆಂದರೆ ಓದೇ ಹೋಯಿತು ಎಂದರ್ಥ.

ಆಗ ದಾರಿ ತೋರಿಸಿದವರು ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರು. ಹೊಳೆನರಸೀಪುರದ ಅಗ್ರಹಾರದ ಹಳೆಯ ಮನೆತನ, ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬಂದು ಹೋಗುತ್ತಿದ್ದರು. ಚರ್ಚಾ ಸಂಘದ ಅಧ್ಯಕ್ಷರು ಅವರೇ. "ಸಂಘದ ಸಮಿತೀಲಿ ಕೆಲಸ ಮಾಡಿದಷ್ಟು ದಿನ ಹಳೇ ಗೈರುಹಾಜರಿ ಮನ್ನಾ ಮಾಡೋ ಅಧಿಕಾರ ಪ್ರಿನ್ಸಿಪಾಲರಿಗಿದೆ ಕಣಯ್ಯ. ನಿನಗೆಷ್ಟು ದಿನ ಕಮ್ಮಿ?"

"ಹದಿನೇಳು ಸಾರ್."

"ಲೆಕ್ಕ ಮಾಡೇ ಇಟ್ಕೊಂಡಿದ್ದೀಯ!"

ಪ್ರಿನ್ಸಿಪಾಲರ ಮುಂದೆ ನಿಂತಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು. ನಾಲ್ಕು ಕಾಲೇಜುಗಳ ನಡುವಿನ ಚರ್ಚಾಸ್ಪರ್ಧೆ ಎರಡು ವರ್ಷದಿಂದ ನಿಂತುಹೋಗಿತ್ತು. ಹಾಸನದ ಇನ್ನೊಂದು ಕಾಲೇಜು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಇವು ಸ್ಪರ್ಧಿಸುವುದು. ನಾವು ನಡೆಸುವವರು, ಆದ್ದರಿಂದ ಪಾರಿತೋಷಕಕ್ಕೆ ನಾವಿಲ್ಲ. "ದಸರಾ ರಜೆಗೆ ಮೊದಲು ಸ್ಪರ್ಧೆ ನಡೆದರೆ ಸಹಿ ಹಾಕ್ತೀನಿ. ನಡೀಲಿಲ್ಲ, ನಿನ್ನ ಗೈರುಹಾಜರಿ ನಿನಗೇ ಇರಲಿ," ಎಂದರು. ವ್ಯವಹಾರ ಚೊಕ್ಕವಾಗಿತ್ತು. ಮಾರನೆಯ ದಿನವೇ ಮಂಡಿಗೆ ಹೋಗಿ ನಾಳೆಯಿಂದ ಬರುವುದಿಲ್ಲ ಎಂದೆ.

ಸಮಿತಿ ಎಂದರೆ ಹೆಸರಿಗೆ ಏಳು ಜನ, ಕೆಲಸಕ್ಕೆ ಇಬ್ಬರು. ಕಾರ್ಯದರ್ಶಿ ಅರಕಲಗೂಡಿನ ಮೇಷ್ಟ್ರ ಮಗಳು, ಕೊನೆಯ ವರ್ಷದವರು, ನಾನು ಅಕ್ಕ ಎನ್ನುತ್ತಿದ್ದೆ. ಕಾಗದಪತ್ರ ಅವರದ್ದು, ಓಡಾಟ ನನ್ನದು. ಕಾಲೇಜಿನ ಸಭಾಂಗಣ ಪೂರಕ ಪರೀಕ್ಷೆಗೆ ಹೋಗಿದ್ದರಿಂದ ಮೊದಲು ಜಾಗ ಹುಡುಕಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ದೊಡ್ಡ ಕಲ್ಯಾಣ ಮಂಟಪಕ್ಕೇ ನುಗ್ಗಿದೆ. ಮದುವೆ ಕಾಲದಲ್ಲಿ ಆರು ತಿಂಗಳ ಮುಂಚೆ ಹೇಳಿದರೂ ಸಿಗದ ಜಾಗ. ಬೇಕಾದ ಬುಧವಾರ ಹೇಳಿದೆ. ಮ್ಯಾನೇಜರು ಪುಸ್ತಕವನ್ನೂ ತೆರೆಯದೆ, "ತಗಳಪ್ಪ, ಓದೋ ಹುಡುಗ್ರು. ಬಾಡಿಗೆ ಬ್ಯಾಡ, ಗುಡಿಸೋರಿಗೆ ಏನಾರಾ ಕೊಡಿ ಸಾಕು," ಎಂದರು.

ಅಡುಗೆಮನೆ?

"ತಗಳಿ."

ಪಾತ್ರೆ? ಮೈಕು?

"ಅದೂ ತಗಳಿ."

ನಾನು ಹಾರುತ್ತಾ ಕಾಲೇಜಿಗೆ ಬಂದೆ. ಹತ್ತೊಂಬತ್ತು ವರ್ಷಕ್ಕೆ ಇಂಥ ವ್ಯಾಪಾರ ಕುದುರಿಸಿದವನು ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದುಕೊಂಡೆ. ಅಕ್ಕ ಪತ್ರ ಬರೆದರು, ಉಪನ್ಯಾಸಕರು ಸಹಿ ಮಾಡಿದರು. ವಿಷಯ: ಟಿ.ವಿ. ಬಂದ ಮೇಲೆ ಓದು ಕೆಟ್ಟಿತೇ? ಕಾಲೇಜಿಗೆ ಇಬ್ಬರು ಭಾಷಣಕಾರರು, ಒಬ್ಬರು ಪರ, ಒಬ್ಬರು ವಿರೋಧ. ಒಬ್ಬರಿಗೆ ಐದು ನಿಮಿಷ, ನಾಲ್ಕಕ್ಕೆ ಎಚ್ಚರಿಕೆಯ ಗಂಟೆ. ತೀರ್ಪುಗಾರರು ಮೂವರು, ಅವರಲ್ಲಿ ನಮ್ಮ ಉಪನ್ಯಾಸಕರೂ ಒಬ್ಬರು. ಬೆಳಿಗ್ಗೆ ಹತ್ತಕ್ಕೆ ಆರಂಭ, ಮಧ್ಯಾಹ್ನ ಊಟ.

ತಪ್ಪು ಎಲ್ಲಾಯಿತು ನೋಡಿ. ದಿನ ಗೊತ್ತುಮಾಡುವಾಗ ನಾನು ಕಚೇರಿಯ ಗೋಡೆಯ ಕ್ಯಾಲೆಂಡರ್ ನೋಡಿದ್ದೆ. ಶುಕ್ರವಾರ ಮಹಾಲಯ ಅಮಾವಾಸ್ಯೆ, ಕೆಂಪು ಅಕ್ಷರ, ರಜೆ. ಅದನ್ನು ತಪ್ಪಿಸಿದೆ. ಬುಧವಾರ ಕಪ್ಪು ಅಕ್ಷರ, ಅದನ್ನು ಹಿಡಿದೆ. ಸರ್ಕಾರಕ್ಕೆ ಹಿರಿಯರು ಒಂದೇ ದಿನ ಬರುತ್ತಾರೆ. ನಮ್ಮ ಮನೆಗಳಿಗೆ ಹದಿನೈದು ದಿನವೂ ಬರುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಊರಿನಲ್ಲಿದ್ದಾಗ ಪಕ್ಷವನ್ನು ಅವ್ವ ನೆನಪಿಟ್ಟುಕೊಳ್ಳುತ್ತಿದ್ದಳು, ನಾನು ಊಟ ಮಾಡುತ್ತಿದ್ದೆ, ಅಷ್ಟೆ.

ಸ್ಪರ್ಧೆಗೆ ಹನ್ನೊಂದು ದಿನ ಇರುವಾಗ ಒಂದೊಂದೇ ಉತ್ತರ ಬರತೊಡಗಿತು. ಹೊಳೆನರಸೀಪುರದಿಂದ: ಭಾಷಣಕಾರ್ತಿಯ ಮನೆಯಲ್ಲಿ ಅಂದು ಶ್ರಾದ್ಧ, ಕ್ಷಮಿಸಿ. ಅರಕಲಗೂಡಿನಿಂದಲೂ ಹಾಗೇ. ಚನ್ನರಾಯಪಟ್ಟಣದವರು ಮಾತ್ರ ವಿವರವಾಗಿ ಬರೆದಿದ್ದರು: ಹಳ್ಳಿಯ ಹುಡುಗರೆಲ್ಲ ಪಕ್ಷಕ್ಕೆ ಊರು ಸೇರುತ್ತಾರೆ, ಅಮಾವಾಸ್ಯೆ ಶುಕ್ರವಾರ ಬಿದ್ದಿರುವುದರಿಂದ ಬಾಡೂಟದ ಮನೆಗಳೆಲ್ಲ ಬುಧವಾರವೇ ಇಟ್ಟುಕೊಂಡಿವೆ. ಅಡುಗೆಯವರಲ್ಲಿಗೆ ಓಡಿದೆ. "ಬುಧವಾರವಾ? ಅವತ್ತು ಮೂರು ಮನೆ ತಿಥಿ ಅಡುಗೆ ಒಪ್ಕೊಂಡಿದೀನಿ. ನಾನೊಬ್ಬನೇ ಮೂರು ಒಲೆ ಮುಂದೆ ಹೆಂಗಯ್ಯಾ ಕೂತ್ಕೊಳ್ಳಲಿ?" ಎಂದರು ಆ ಭಟ್ಟರು.

ಸಂಜೆ ಉಪನ್ಯಾಸಕರು ನನ್ನನ್ನು ಕರೆದರು. ಅವರ ಮುಖ ನೋಡಿಯೇ ಅರ್ಥವಾಯಿತು.

"ನಮ್ಮ ತಂದೆಯವರದೂ ಅವತ್ತೇ ಕಣಯ್ಯ, ತ್ರಯೋದಶಿ. ತಿಥಿ ಇದ್ದಿದ್ದು ಪಂಚಾಂಗದಲ್ಲಿ, ತಾರೀಖು ಇದ್ದಿದ್ದು ಡೈರೀಲಿ. ಅಮ್ಮ ಹೇಳಿದ ಮೇಲೆ ಎರಡೂ ಒಂದೇ ದಿನ ಅಂತ ಗೊತ್ತಾಯ್ತು. ನಾನೇ ಸಹಿ ಹಾಕಿದೀನಲ್ಲ!"

ಆಗ ಮ್ಯಾನೇಜರ ಔದಾರ್ಯದ ಗುಟ್ಟು ತಿಳಿಯಿತು. ಪಕ್ಷಮಾಸದಲ್ಲಿ ಯಾವ ಮನೆಯಲ್ಲೂ ಶುಭಕಾರ್ಯ ಇಲ್ಲ. ಮಂಟಪದಲ್ಲಿ ಇಲಿ ಓಡಾಡುತ್ತಿದ್ದವು. ಯಾರಿಗೂ ಬೇಡವಾದ ದಿನವನ್ನು ನಾನು ಗೆದ್ದುಕೊಂಡು ಬಂದಿದ್ದೆ.

ಮುಂದೂಡೋಣ ಎಂದರೆ ಅಮಾವಾಸ್ಯೆ ಕಳೆದ ಕೂಡಲೇ ದಸರಾ ರಜೆ. ಹಿಂದಕ್ಕೆ ತರೋಣ ಎಂದರೆ ಪೂರ್ತಿ ಪಕ್ಷ. ಅಕ್ಕ ಮತ್ತು ನಾನು ಕ್ಯಾಂಟೀನಿನಲ್ಲಿ ಒಂದು ಕಾಫಿಯನ್ನು ಎರಡು ಮಾಡಿ ಕುಡಿಯುತ್ತಾ ಕೂತೆವು. ನನ್ನ ಹದಿನೇಳು ದಿನ ಕಣ್ಣ ಮುಂದೆಯೇ ಕರಗುತ್ತಿತ್ತು.

"ಶ್ರಾದ್ಧ ಅಂದ್ರೆ ದಿನ ಪೂರ್ತಿ ಅಲ್ವಲ್ಲೋ," ಎಂದರು ಅಕ್ಕ. "ನಮ್ಮನೇಲೆಲ್ಲ ಒಂದೂವರೆಗೆ ಊಟ ಮುಗಿದು ಹೋಗತ್ತೆ. ಆಮೇಲೆ ಎಲ್ಲ ಬಿದ್ಕೊಂಡಿರ್ತಾರೆ."

"ನಮ್ಮನೇಲಿ ಒಂದೂವರೆಗೆ ಇನ್ನೂ ಕೋಳಿ ಹಿಡಿಯೋಕೆ ಓಡ್ತಿರ್ತಾರೆ ಅಕ್ಕ. ಎಡೆ ಇಡೋದು ರಾತ್ರಿ ಏಳೂವರೆ ಎಂಟಕ್ಕೆ."

ಹೇಳಿ ಮುಗಿಸುವಷ್ಟರಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರ ಜನಕ್ಕೆ ಒಂದೂವರೆಯ ನಂತರ ಬಿಡುವು. ನಮ್ಮ ಜನಕ್ಕೆ ಏಳರವರೆಗೆ ಬಿಡುವು. ನಡುವೆ ಒಂದು ಕಿಂಡಿ ಇದೆ! ಎರಡೂವರೆಯಿಂದ ಐದರವರೆಗೆ. ಎಲ್ಲರೂ ಊರಿನಲ್ಲೇ ಇರುತ್ತಾರೆ, ಎಲ್ಲರೂ ಖಾಲಿ ಇರುತ್ತಾರೆ. ಒಂದೇ ತೊಡಕು, ಹಾಸನಕ್ಕೆ ಬಂದು ಹೋಗುವಷ್ಟು ಆ ಕಿಂಡಿ ಅಗಲವಿಲ್ಲ. ಅಕ್ಕ ಬಿಲ್ಲಿನ ಚೀಟಿ ತಿರುಗಿಸಿ ನಾಲ್ಕು ಊರು ಗುರುತು ಹಾಕಿದರು. ನಡುವೆ ಬಿದ್ದದ್ದು ಹೊಳೆನರಸೀಪುರ. ಅರಕಲಗೂಡಿನಿಂದ ಒಂದು ಗಂಟೆ, ಚನ್ನರಾಯಪಟ್ಟಣದಿಂದ ಒಂದು ಗಂಟೆಯ ಮೇಲೆ ಸ್ವಲ್ಪ, ಹಾಸನದಿಂದ ಒಂದು ಗಂಟೆ. ಉಪನ್ಯಾಸಕರ ಬೀದಿಯಲ್ಲೇ ಭಜನಾ ಮಂದಿರದ ಹಜಾರ. ಮನೆಯಲ್ಲೇ ಎಲ್ಲರ ಊಟವಾಗಿರುತ್ತದೆ, ಅಡುಗೆಯೂ ಬೇಡ!

ಜನರನ್ನು ನಮ್ಮ ಜಾಗಕ್ಕೆ ಕರೆಯುವುದು ಬಿಟ್ಟು ಜನ ಇರುವ ಜಾಗಕ್ಕೆ ಸ್ಪರ್ಧೆಯನ್ನೇ ಒಯ್ಯುವುದು. ಹಾಗೆ ಮಾಡಲು ನನ್ನ ಜೀವನದ ಮೊದಲ ದೊಡ್ಡ ವ್ಯಾಪಾರವನ್ನು ನಾನೇ ಕೈಬಿಡಬೇಕಿತ್ತು. ಆದರೂ ಮಾರನೆಯ ಬೆಳಿಗ್ಗೆ ಮ್ಯಾನೇಜರ ಮುಂದೆ ನಿಂತೆ.

"ಮಂಟಪ ಬೇಡ ಸಾರ್."

ಅವರು ನಕ್ಕರು. "ಗೊತ್ತಾಯ್ತಾ? ನೀನ್ ಕೇಳ್ದೆ, ನಾನ್ ಕೊಟ್ಟೆ. ಯಾಕೆ ಹಿಂಗೆ ಸಲೀಸಾಗಿ ಕೊಡ್ತಾವ್ನೆ ಅಂತ ನೀನ್ ಕೇಳ್ನೇ ಇಲ್ವಲ್ಲಪ್ಪ!"

"ಸರಿ, ಮಂಟಪ ನೀವೇ ಇಟ್ಕೊಳಿ. ಮೈಕ್‌ಸೆಟ್ ಕೊಡಿ, ಒಂದು ದಿನಕ್ಕೆ. ಹೆಂಗೂ ನಿಮ್ಮ ಹತ್ರ ಸುಮ್ಮನೇ ಬಿದ್ದಿರುತ್ತೆ."

"ಕಲ್ತ್ಕಬುಟ್ಟೆ ಕಣ್ಲಾ," ಎಂದರು. ಮೈಕ್‌ಸೆಟ್ ಸಿಕ್ಕಿತು.

ಮುಂದಿನ ಎಂಟು ದಿನ ನಾನು ಒಂದು ಕಡೆ ನಿಂತದ್ದೇ ಕಡಿಮೆ. ಎಂಟು ಭಾಷಣಕಾರರ ಮನೆಗೂ ಹೋದೆ. ಕಾಲೇಜಿಗೆ ಪತ್ರ ಹಾಕಿದರೆ ಕಾಲೇಜು ಒಪ್ಪುತ್ತದೆ. ಪಕ್ಷದ ದಿನ ಹುಡುಗರನ್ನು ಕಳಿಸುವುದು ಮನೆ. ಅಗ್ರಹಾರದ ಮನೆಗಳಲ್ಲಿ ಊಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿ ಬರೆದುಕೊಂಡೆ; ಹಳ್ಳಿಯ ಮನೆಗಳಲ್ಲಿ ಎಡೆ ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡೆ; ಎರಡರ ಪಕ್ಕದಲ್ಲೂ ಬಸ್ಸಿನ ಹೊತ್ತು ಬರೆದೆ. ಅರಕಲಗೂಡಿನ ರಸ್ತೆಯಲ್ಲಿ ಬಲಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಪಿನ್ನು ಹಾಕಿ ಎರಡು ದಿನ ಎಳೆದೆ, ಮೂರನೆಯ ದಿನ ಎರಡನ್ನೂ ಬೇಲಿಗೆಸೆದು ಬರಿಗಾಲಲ್ಲಿ ನಡೆದೆ.

ಕಷ್ಟವಾದದ್ದು ಬಾಗೂರಿನಲ್ಲಿ. ಚನ್ನರಾಯಪಟ್ಟಣ ಕಾಲೇಜಿನ ಒಳ್ಳೆಯ ಮಾತುಗಾರ ಅಲ್ಲಿಯವನು. ಅವನು ತಯಾರಿದ್ದ, ಅವನ ಅಜ್ಜಿ ಜಗಲಿಯ ಮೇಲೆ ರಾಗಿ ಕೇರುತ್ತಾ ಅಡ್ಡ ಕೂತಿದ್ದರು.

"ಏನ್ಲಾ, ಪಕ್ಸದ ದಿನ್ವೇ ಬಾಯಿ ಜಗಳಕ್ಕೆ ಕರ್ಕೊಂಡೋಗಕ್ಕೆ ಬಂದಿದ್ದೀಯಾ?"

"ಜಗಳ ಅಲ್ಲ ಕಣಜ್ಜಿ, ಚರ್ಚೆ."

"ಇವನೊಂದು ಅಂತಾನೆ, ಅವನೊಂದು ಅಂತಾನೆ, ಮ್ಯಾಲೆ ಮೂರ್ ಜನ ಕೂತು ಯಾರ್ ಗೆದ್ರು ಅಂತಾರೆ. ಅದು ಜಗಳ ಅಲ್ದೆ ಇನ್ನೇನ್ಲಾ?"

ಅಜ್ಜಿ ಮೊರ ಕೆಳಗಿಟ್ಟರು. "ಅವರಜ್ಜಂಗೆ ಎಡೆ ಮುಂದೆ ಮೊಮ್ಮಗ ನಿಂತಿರ್ಬೇಕು. ಬಸ್ಸು ಕೆಟ್ಟೋಯ್ತು ಅಂತ ನೀನು ನಾಳೀಕ್ ಬಂದ್ ಯೋಳುದ್ರೆ ನಾನ್ ಯಾರ್ನ ಕೇಳ್ಳಿ?"

"ನಾನೇ ಕರ್ಕೊಂಡ್ ಬತ್ತೀನಿ ಅಜ್ಜಿ. ಏಳೂವರೆಗೆ ನಿಮ್ ಬಾಗ್ಲಲ್ಲಿ ನಿಲ್ಲುಸ್ತೀನಿ."

"ನಿಮ್ಮನೇಲಿ ಯಾವತ್ತು?"

ಇದನ್ನು ಕೇಳದಿರಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. "ಅವತ್ತೇ."

ನಮ್ಮ ಊರು ಹೊಳೆನರಸೀಪುರದಿಂದ ಐದೇ ಮೈಲಿ. ಬಾಗೂರು ಅದಕ್ಕೆ ತೀರ ಎದುರು ದಿಕ್ಕು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬರಿಗಾಲನ್ನೂ ನೋಡಿ, "ಓಗ್ಲಿ, ಕರ್ಕೊಂಡೋಗು," ಎಂದರು.

ಬುಧವಾರ ಬಂತು. ಆಂಪ್ಲಿಫಯರ್ ತೊಡೆಯ ಮೇಲೆ, ಹಾರ್ನು ಬಸ್ಸಿನ ಮೇಲೆ, ಪಾರಿತೋಷಕ ಅಕ್ಕನ ಮಡಿಲಲ್ಲಿ. ಹಾಸನದಿಂದ ಜೊತೆಗೆ ಬಂದ ಪ್ರಿನ್ಸಿಪಾಲರೇ ಉದ್ಘಾಟಕರು. ಎರಡೂಕಾಲು ಗಂಟೆಗೆ ಹಜಾರ ನೋಡಿ ನನ್ನ ಎದೆ ಉಬ್ಬಿತು. ಜನ ಬರುತ್ತಿದ್ದಾರೆ! ಶ್ರಾದ್ಧದ ಊಟ ಮುಗಿಸಿದ ಅಗ್ರಹಾರದ ಹಿರಿಯರು, ಹೆಂಗಸರು, ಎಲೆಯಡಿಕೆ ಮೆಲ್ಲುತ್ತಾ ಚಾಪೆ ಹಿಡಿದರು. ಅವರಿಗೂ ಆ ಹೊತ್ತು ಮಾಡಲು ಬೇರೇನೂ ಇರಲಿಲ್ಲ. ಎರಡೂವರೆ ದಾಟುವಷ್ಟರಲ್ಲಿ ಎಂಟೂ ಭಾಷಣಕಾರರು ಹಾಜರು. ಹಾಸನದ ಮಂಟಪದಲ್ಲಿ ಇದರ ಕಾಲು ಭಾಗ ಸೇರುತ್ತಿರಲಿಲ್ಲ.

ಎರಡೂಮುಕ್ಕಾಲಾದರೂ ಉಪನ್ಯಾಸಕರಿಲ್ಲ. ಅವರ ಮನೆಗೆ ಓಡಿದೆ. ಅಂಥ ದಿನ ಒಳಗೆ ಕಾಲಿಡುವಂತಿಲ್ಲ, ಬೀದಿಯಲ್ಲೇ ನಿಂತೆ. ಅವರ ತಾಯಿ ಕಿಟಕಿಯಿಂದ ಕೂಗಿದರು. "ಪುರೋಹಿತರು ನಾಲ್ಕು ಮನೆ ಮುಗಿಸಿ ಈಗ ಬಂದಿದಾರಪ್ಪ. ಇನ್ನೂ ಪಿಂಡ ಆಗಿಲ್ಲ. ನಾಲ್ಕೂವರೆ ಆಗತ್ತೋ ಏನೋ."

ಬೀದಿಯಲ್ಲಿ ನಿಂತೇ ಲೆಕ್ಕ ಹಾಕಿದೆ. ಐದಕ್ಕೆ ಚನ್ನರಾಯಪಟ್ಟಣದ ಬಸ್ಸು. ಎಂಟು ಜನಕ್ಕೆ ನಲವತ್ತು ನಿಮಿಷ, ನಡುವಿನ ಎದ್ದು ಕೂರುವುದು ಸೇರಿ ಒಂದು ಗಂಟೆ. ತೀರ್ಪು ಕೂಡಿಸಲು ಕಾಲು ಗಂಟೆ. ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಮೊದಲಿಗೆ ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಆಮೇಲೆ ಪ್ರಿನ್ಸಿಪಾಲರ ಉದ್ಘಾಟನಾ ಭಾಷಣ. ಅವರ ಭಾಷಣ ಮುಕ್ಕಾಲು ಗಂಟೆಗೆ ಕಡಿಮೆ ನಿಂತದ್ದನ್ನು ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. ನನಗೆ ಬೇಕಾದ ಸಹಿ ಇರುವುದೂ ಅವರ ಪೆನ್ನಿನಲ್ಲೇ.

ಬೆವರುತ್ತಾ ಅವರ ಕುರ್ಚಿಯ ಪಕ್ಕ ಬಗ್ಗಿದೆ. "ಸಾರ್, ಒಬ್ಬ ತೀರ್ಪುಗಾರರು ಕಮ್ಮಿ. ನೀವೇ ಕೂತ್ಕೋಬೇಕು. ನಿಮ್ಮನ್ನ ಬಿಟ್ರೆ ಆ ಸ್ಥಾನಕ್ಕೆ ಇಲ್ಲಿ ಯಾರಿದಾರೆ ಸಾರ್?"

"ನಾನು ಉದ್ಘಾಟಕ ಅಲ್ವೇನಯ್ಯ?"

"ತೀರ್ಪುಗಾರರು ಮೊದಲೇ ಮಾತಾಡಿದ್ರೆ ಯಾರ ಕಡೆ ಅಂತ ಗೊತ್ತಾಗಿಬಿಡುತ್ತೆ ಸಾರ್. ನಿಮ್ಮ ಮಾತು ಕೊನೇಗಿರಲಿ."

"ನನ್ನ ಬಾಯಿ ಕಟ್ಟೋಕೆ ನೋಡ್ತಿದ್ದೀಯ," ಎಂದರು. ಆದರೆ ಅಷ್ಟರಲ್ಲಿ ಅಕ್ಕ ಅಂಕದ ಹಾಳೆಯನ್ನೂ ಚೂಪು ಮಾಡಿದ ಪೆನ್ಸಿಲನ್ನೂ ಅವರ ಕೈಗಿತ್ತಿದ್ದರು. ಕೈಗೆ ಪೆನ್ಸಿಲ್ ಬಂದ ಮೇಲೆ ಮೇಷ್ಟ್ರಾದವರು ಎಲ್ಲವನ್ನೂ ಮರೆಯುತ್ತಾರೆ. ದೀಪವಿಲ್ಲ, ಹಾರವಿಲ್ಲ, ಮೂರು ಗಂಟೆಗೆ ಮೊದಲ ಗಂಟೆ ಬಾರಿಸಿದೆ.

ಮೂರನೆಯವಳು ಮಾತು ಶುರು ಮಾಡಿದಾಗ ಕರೆಂಟು ಹೋಯಿತು. ಹಾಸನದಿಂದ ತೊಡೆಯ ಮೇಲೆ ಹೊತ್ತು ತಂದ ಯಂತ್ರ ಸತ್ತು ಕೂತಿತು. ಹಿಂದಿನಿಂದ ಒಬ್ಬ ಹಿರಿಯರು, "ಒಳ್ಳೇದಾಯ್ತು, ಆ ಕೀರಲು ತಡೆಯೋಕಾಗ್ತಿರಲಿಲ್ಲ. ಗಟ್ಟಿಯಾಗಿ ಮಾತಾಡಮ್ಮ," ಎಂದರು. ಎಲ್ಲರೂ ಚಾಪೆಯನ್ನು ಮುಂದಕ್ಕೆಳೆದುಕೊಂಡರು. ಅಲ್ಲಿಂದ ಸ್ಪರ್ಧೆಗೆ ಜೀವ ಬಂತು. ಬಾಗೂರಿನ ಹುಡುಗ, ಟಿ.ವಿ. ಬರುವ ಮೊದಲು ನಮ್ಮೂರಲ್ಲಿ ಯಾರು ಓದುತ್ತಿದ್ದರು ಹೆಸರು ಹೇಳಿ ಎಂದು ಕೇಳಿದಾಗ ಹಜಾರವೇ ಹೊರಳಾಡಿ ನಕ್ಕಿತು. ಪ್ರಿನ್ಸಿಪಾಲರ ಭುಜವೂ ಕುಣಿಯುತ್ತಿತ್ತು.

ನಾಲ್ಕು ನಲವತ್ತಕ್ಕೆ ತೀರ್ಪು. ಪಾರಿತೋಷಕ ಚನ್ನರಾಯಪಟ್ಟಣಕ್ಕೆ. ಅದೇ ಹೊತ್ತಿಗೆ ಒದ್ದೆ ಪಂಚೆಯಲ್ಲೇ ಉಪನ್ಯಾಸಕರು ಓಡಿಬಂದರು. ಪ್ರಿನ್ಸಿಪಾಲರು ಮಾತಿಗೆ ಎದ್ದು ನಿಂತರು. "ಇಂದಿನ ಯುವಜನರು..." ಎಂಬಷ್ಟು ಮಾತ್ರ ನನ್ನ ಕಿವಿಗೆ ಬಿತ್ತು. ನಾನು ಹುಡುಗನ ತೋಳು ಹಿಡಿದು ಹಿಂಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದೆ.

ಏಳು ಇಪ್ಪತ್ತಕ್ಕೆ ಬಾಗೂರು. ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಪಾರಿತೋಷಕ ನೋಡಿ, "ಅದೇನ್ಲಾ?" ಎಂದರು.

"ಜಗಳದಲ್ಲಿ ಗೆದ್ದಿದ್ದು ಕಣಜ್ಜಿ."

"ಅಂಗಾರೆ ಎಡೆ ಪಕ್ಕ ಇಕ್ಕು. ಅವರಜ್ಜನೂ ವಸಿ ನೋಡ್ಲಿ." ಪಾರಿತೋಷಕದ ಮರದ ಹಲಗೆಯ ಮೇಲಿನ ಹಿತ್ತಾಳೆಗೆ ದೀಪದ ಬೆಳಕು ಬಿದ್ದು ಹೊಳೆಯಿತು. ನಾನು ಬೇರೆ ಮನೆಯ ಹಿರಿಯರಿಗೆ ಕೈಮುಗಿದು, ಬೇರೆ ಮನೆಯ ಮುದ್ದೆ ಉಂಡೆ. ಬೆಳಿಗ್ಗೆ ಅಜ್ಜಿ ಕಜ್ಜಾಯ ಕಟ್ಟಿಕೊಟ್ಟರು. ಅದನ್ನು ಮುಂದಿಟ್ಟಾಗ ಅವ್ವ ಹೇಳಿದ್ದು: "ಊರೋರ್ ಮಕ್ಳನ್ನೆಲ್ಲ ಅವರವರ ಎಡೆಗೆ ಮುಟ್ಟುಸ್ಬುಟ್ಟು, ನಿಮ್ಮಪ್ಪನ ಎಡೆಗೆ ನೀನೇ ಇಲ್ವಲ್ಲಾ." ಆದರೂ ಒಂದು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡಳು.

ರಜೆ ಮುಗಿದ ಮೇಲೆ ಪ್ರಿನ್ಸಿಪಾಲರ ಮುಂದೆ ಪಟ್ಟಿ ಇಟ್ಟೆ. ಕೆಲಸ ಮಾಡಿದ ದಿನ ಹದಿನೆಂಟು. ಅವರು ಒಂದೊಂದನ್ನೂ ಓದಿ, ಕೊನೆಯದಕ್ಕೆ, ಅಂದರೆ ಆ ಬುಧವಾರಕ್ಕೆ, ಅಡ್ಡಗೀಟು ಎಳೆದರು.

"ಸಾರ್, ಅವತ್ತೇ ಅಲ್ವಾ ಸ್ಪರ್ಧೆ ಆಗಿದ್ದು!"

"ನನ್ನ ಭಾಷಣಕ್ಕೆ ನೀನು ಗೈರುಹಾಜರು," ಎಂದು ಸಹಿ ಹಾಕಿದರು. ಹದಿನೇಳು ಉಳಿಯಿತು. ನನಗೆ ಬೇಕಿದ್ದದ್ದೂ ಹದಿನೇಳೇ. ಹಾಲ್ ಟಿಕೆಟ್ ಬಂತು.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ನೀವು ಕಾಲೇಜಿನಲ್ಲಿದ್ದರೆ, ಅಥವಾ ನಿಮ್ಮ ಮಗನೋ ಮಗಳೋ ಇದ್ದರೆ, ಯಾವುದಾದರೂ ಸಂಘದ ಸಮಿತಿಗೆ ಸೇರಿಸಿ. ಯಾವ ಸಂಘ ಎಂಬುದು ಮುಖ್ಯವಲ್ಲ. ಉದ್ದೇಶ ದೊಡ್ಡದಿರಬೇಕೆಂದೂ ಇಲ್ಲ, ನನ್ನದು ಹದಿನೇಳು ದಿನದ ಉದ್ದೇಶ. ವೇದಿಕೆಯ ಮೇಲೆ ಕೂರಿಸುವ ಹುದ್ದೆ ಬೇಡ, ಓಡಾಡಿಸುವ ಕೆಲಸ ಕೇಳಿ ತೆಗೆದುಕೊಳ್ಳಿ. ಇಪ್ಪತ್ತು ವರ್ಷವಾಗುವ ಮೊದಲು ಪ್ರಿನ್ಸಿಪಾಲರ ಬಾಯಿ ಕಟ್ಟುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ. ಬೇರೆ ಬಗೆಯ ಮನೆಯಿಂದ ಬಂದ ಒಬ್ಬರ ಜೊತೆ ಜೋಡಿ ಹಾಕಿಕೊಳ್ಳಿ. ನನ್ನ ಮನೆಯ ಹೊತ್ತು ನನಗೆ ಗೊತ್ತಿತ್ತು, ಅಕ್ಕನ ಮನೆಯ ಹೊತ್ತು ಅಕ್ಕನಿಗೆ. ಕಿಂಡಿ ಕಂಡದ್ದು ಎರಡನ್ನೂ ಪಕ್ಕಪಕ್ಕ ಇಟ್ಟಾಗ. ಏನಾದರೂ ತೀರ ಸಲೀಸಾಗಿ ಸಿಕ್ಕರೆ ಯಾಕೆ ಎಂದು ಅಲ್ಲೇ ಕೇಳಿ. ಉತ್ತರ ಪತ್ರದಲ್ಲಿ ಬರಲಿ ಎಂದು ಕಾಯಬೇಡಿ, ಮನೆಗೇ ಹೋಗಿ. ಒಪ್ಪಿಗೆ ಕೊಡುವವರು ಜಗಲಿಯ ಮೇಲೆ ಕೂತಿರುತ್ತಾರೆ. ಇವತ್ತು ನಾನು ಹೊಳೆನರಸೀಪುರದಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತೇನೆ. ಮೊದಲು ನನ್ನನ್ನು ಕರೆದವು ಆ ಎಂಟು ಮನೆಗಳೇ. ಗಿರಾಕಿ ಬಂದು ದಿನ ಹೇಳಿದ ಕೂಡಲೇ ನಾನು ಕೇಳುವುದು ಎಷ್ಟು ಕುರ್ಚಿ ಎಂದಲ್ಲ. ಅವತ್ತು ನಿಮ್ಮ ಜನ ಯಾವ ಹೊತ್ತಿಗೆ ಮನೆ ಸೇರಬೇಕು ಎಂದು.

ಇನ್ನೊಂದು ಮಾತು. ಓಡಾಟದ ಪಟ್ಟಿ ಬರೆಯುವಾಗ ಎಲ್ಲರ ಮನೆಯ ಹೊತ್ತು ಬರೆದ ಮೇಲೆ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ನಿಮ್ಮ ಮನೆಯದ್ದನ್ನೂ ಬರೆದುಕೊಳ್ಳಿ. ನಾನು ಅವತ್ತು ಆ ಸಾಲು ಬಿಟ್ಟಿರಲಿಲ್ಲ.